ಹೊಗೆ ಮೂಸುವ ಗಾಡಿ

ಅಂಕಲಿ,
೨ ಜನವರಿ ೨೦೨೫

ನನ್ನ ಮುದ್ದಿನ ಸೀಮಾ,

ಅಜ್ಜನ ಆಶೀರ್ವಾದಗಳು. ಮಿರಜದಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆ ಎಲ್ಲರೂ ಆರಾಮ ಇದ್ದೀರಾ? ಇಲ್ಲಿ ಚಳಿ ಜೋರಾಗಿದೆ. ನಿನ್ನ ಅಜ್ಜಿ ಗೌರಾಬಾಯಿ ಮೊಣಕಾಲು ನೋವೆನ್ನುತ್ತಲೇ ದಿನವೆಲ್ಲ ಓಡಾಡುತ್ತಾಳೆ. ಕೂತುಕೋ ಎಂದರೆ ನನಗೇ ಬೈಗುಳ. ನಾನು ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲವೆಂದು ನಿನಗೆ ಬೇಸರವಾಗಿದೆಯಂತೆ. ಅದಕ್ಕೇ ಈ ಪತ್ರ.

ದೀಪಾವಳಿಗೆ ಬಂದವಳು ನನ್ನ ಹಳೆಯ ಗಾಡಿ ಮಾರಿಸಿ ಹೊಸದು ಕೊಡಿಸಿದೆಯಲ್ಲ, ಮೊದಮೊದಲು ಅದರ ಮೇಲೆ ಮನಸ್ಸೇ ಬರಲಿಲ್ಲ. ಹಳೆಯದರ ಕಾರ್ಬುರೇಟರಿನ ಸ್ಕ್ರೂವನ್ನು ಸದ್ದು ಕೇಳುತ್ತ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗಿಸಿ, ಗಾಳಿ ಪೆಟ್ರೋಲಿನ ಹದ ಕೂಡಿಸುತ್ತಿದ್ದವನು ನಾನು. ಊರವರೂ ತಮ್ಮ ಗಾಡಿ ತಂದು, "ಬಾಬಾಸಾಹೇಬ ಕಾಕಾ, ಸ್ವಲ್ಪ ಕಿವಿ ಕೊಟ್ಟ ನೋಡ್ರಿ" ಅನ್ನುತ್ತಿದ್ದರು.

ಈ ಹೊಸ ಗಾಡಿ ಬೆಳಿಗ್ಗೆ ಚಾಲೂ ಮಾಡಿದರೆ ಹ್ಯಾಂಡಲ್ ಜೋರಾಗಿ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಶಾಂತವಾಗುತ್ತದೆ. ಹದ ತಪ್ಪಿದೆಯೆಂದು ಸ್ಕ್ರೂ ಹುಡುಕಿದೆ. ಎಲ್ಲೂ ಇಲ್ಲ! ಏಕಸಂಬಿಯ ಮೆಕ್ಯಾನಿಕ್ ಸತ್ತೆಪ್ಪನ ಬಳಿ ಒಯ್ದೆ. ಅವನು ಇಡೀ ಪೇಟೆಗೆ ಕೇಳುವಂತೆ ಕೂಗಿದ: "ಕಾಕಾ, ಇದಕ್ಕ ತಿರುವೂ ಸ್ಕ್ರೂ ಇಲ್ರಿ! ತನ್ನ ಹದಾ ತಾನ ನೋಡ್ಕೋತೈತ್ರಿ!" ಆಮೇಲೆ ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆದು ತೋರಿಸಿದ. ಎಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ, ಒಳಗೆ ಎಷ್ಟು ಗಾಳಿ ಬಂತು, ಎಲ್ಲವನ್ನೂ ಸೆನ್ಸರುಗಳು ಒಂದು ಪುಟ್ಟ ಕಂಪ್ಯೂಟರಿಗೆ ತಿಳಿಸುತ್ತವಂತೆ. ಅದು ಲೆಕ್ಕ ಹಾಕಿ, ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಇಂಜೆಕ್ಟರಿನ ಬಾಯಿ ತೆರೆದು ಪೆಟ್ರೋಲು ಸಿಂಪಡಿಸುತ್ತದೆ. ಚಳಿಯಲ್ಲಿ ತುಸು ಹೆಚ್ಚು, ಬಿಸಿಯಾದ ಮೇಲೆ ಕಡಿಮೆ. ಅಷ್ಟಕ್ಕೇ ಮುಗಿಯಲಿಲ್ಲ ಮಗಾ. ಸೈಲೆನ್ಸರಿನ ಕೊಳವೆಯಲ್ಲಿ ಇನ್ನೊಂದು ಸೆನ್ಸರ್ ಕೂತು, ಹೊರಗೆ ಹೋಗುವ ಹೊಗೆಯನ್ನೇ ಮೂಸುತ್ತದೆ! ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿದ್ದರೆ ಪೆಟ್ರೋಲು ಸಾಲಲಿಲ್ಲ ಎಂದರ್ಥ, ಕೂಡಲೇ ಹೆಚ್ಚಿಸುತ್ತದೆ. ಉಳಿಯದಿದ್ದರೆ ಇಳಿಸುತ್ತದೆ. ಗಾಡಿ ಓಡುವಷ್ಟು ಹೊತ್ತೂ ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರುತ್ತದೆ.

ನನ್ನ ಮೈ ಜುಮ್ಮೆಂದಿತು. ಅಲ್ಲೇ ಗಾಡಿಗೆ ಕೈಮುಗಿದೆ. ಸತ್ತೆಪ್ಪ ನಕ್ಕ, ನಗಲಿ ಬಿಡು. ಜೀವಮಾನವಿಡೀ ನಾನು ಕಿವಿಯಿಟ್ಟು ಮಾಡಿದ ಕೆಲಸವನ್ನು ಅದು ಯಾರ ಕಿವಿಯ ಹಂಗೂ ಇಲ್ಲದೆ ಮಾಡುತ್ತಿದೆ. ಈಗ ದಿನವೂ ಕಬ್ಬಿನ ಹೊಲದವರೆಗೆ ಅದರ ಮೇಲೇ ನಿಧಾನವಾಗಿ ಹೋಗಿ ಬರುತ್ತೇನೆ.

ಅಳಿಯಂದಿರಿಗೆ ನೆನಪು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಜ್ಜ,
ಬಾಬಾಸಾಹೇಬ

ತಾ.ಕ.: ನಿನ್ನೆ ಅಜ್ಜಿ ನನ್ನ ಮುಖದೆದುರು ನಿಂತು ಬೈದಳು: "ಗಾಡಿ ಮಾರಿಸಿದ್ದಕ್ಕ ಅಜ್ಜಾ ಸಿಟ್ಟಾಗ್ಯಾನಂತ ಹುಡುಗಿ ಅಳಾಕತ್ತೈತಿ!" ಸಿಟ್ಟಲ್ಲ ಸೀಮಾ. ನನಗೆ ಕಿವಿ ಕೇಳುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಬರೀ ಗುಂಯ್ ಅನ್ನುತ್ತದೆ. ಹಾಂ ಹಾಂ ಎಂದು ಅಜ್ಜಿಯ ಕೈಗೆ ಕೊಟ್ಟುಬಿಡುತ್ತೇನೆ. ಅವಳಿಗೂ ಇನ್ನೂ ಹೇಳಿಲ್ಲ. ಸಂಕ್ರಮಣಕ್ಕೆ ಬಾ. ಎದುರಿಗೆ ಕೂತು ಮಾತಾಡು, ನಿನ್ನ ತುಟಿ ನೋಡಿ ತಿಳಿದುಕೊಳ್ಳುತ್ತೇನೆ.