ಕಪ್ಪು ದ್ರಾಕ್ಷಿ ಬಣ್ಣದ ಪೈಪು

ನಿಪ್ಪಾಣಿ
ಸೋಮವಾರ, ೪ ಮಾರ್ಚ್ ೨೦೨೪

ಪ್ರೀತಿಯ ದೀಪಾಲಿ,

ಅಥಣಿಯಿಂದ ನೀನು ಕಳಿಸಿದ ದ್ರಾಕ್ಷಿ ಪೆಟ್ಟಿಗೆಯನ್ನು ಖಾಲಿ ಕಳಿಸಲು ಮನಸ್ಸಾಗದೆ ಈ ಕಾಗದವನ್ನೂ ಗೇಣುದ್ದದ ಪೈಪಿನ ತುಂಡನ್ನೂ ಅದರಲ್ಲಿಟ್ಟಿದ್ದೇನೆ. ಮೊದಲು ತುಂಡನ್ನು ಬಿಸಿಲಿಗೆ ಹಿಡಿದು ನೋಡು, ಆಮೇಲೆ ಓದು. ನೋಡಿದೆಯಾ? ನಿನ್ನ ತೋಟದ ಕಪ್ಪು ದ್ರಾಕ್ಷಿಯೇ! ಫೋನಿನಲ್ಲೇ ಕುಣಿದುಬಿಡುತ್ತಿದ್ದೆ, ಆದರೆ ಅಂಗಡಿಯಲ್ಲಿ ನಮ್ಮ ಅಬ್ಬಾ ಪಕ್ಕದಲ್ಲೇ ಇರುತ್ತಾರೆ.

ನಮ್ಮ ಪೌಡರ್ ಕೋಟಿಂಗ್ ಅಂಗಡಿ ನಿನಗೆ ಗೊತ್ತಲ್ಲ. ಕಿಟಕಿಯ ಗ್ರಿಲ್ಲು, ಗೇಟು, ಅವಕ್ಕೆ ಕಂದು ಇಲ್ಲವೇ ಕಪ್ಪು. ಬಣ್ಣದ ಒಣಪುಡಿಯನ್ನು ಗನ್ನಿನಿಂದ ಹೊಡೆದು ಭಟ್ಟಿಯಲ್ಲಿ ಬೇಯಿಸಿದರೆ ಕೆಲಸ ಮುಗಿಯಿತು. ಕಾರಿನ ಕೆಲಸ ಹಿಡಿಯೋಣ ಎಂದು ಎರಡು ವರ್ಷದಿಂದ ನಾನು ಅಬ್ಬಾನ ತಲೆ ತಿನ್ನುತ್ತಿದ್ದೆ. ಹೋದ ವಾರ ಏಕಸಂಬಿಯ ವಿಕ್ರಾಂತ ತನ್ನ ಕಾರಿನ ಇಂಟರ್‌ಕೂಲರ್ ಪೈಪುಗಳನ್ನು ಹೊತ್ತು ತಂದ. ಟರ್ಬೊದ ಬಿಸಿ ಗಾಳಿಯನ್ನು ತಣಿಸಲು ಒಯ್ದು, ಮತ್ತೆ ಇಂಜಿನ್ನಿಗೆ ಮುಟ್ಟಿಸುವ ಅಲ್ಯೂಮಿನಿಯಂ ಪೈಪುಗಳು ಅವು. ಭಾನುವಾರ ಕೊಲ್ಹಾಪುರದಲ್ಲಿ ಕಾರುಗಳ ಪ್ರದರ್ಶನ, ಬಾನೆಟ್ ಎತ್ತಿ ನಿಲ್ಲಿಸಬೇಕಂತೆ. ಅಬ್ಬಾ ಒಪ್ಪಿದರು, ಒಂದು ಷರತ್ತು ಹಾಕಿ: "ಇದೊಂದ ಸರಿ ಹೋತಂದ್ರ ಸಣ್ಣ ಭಟ್ಟಿ ನಿಂದು. ಕೆಡ್ತಂದ್ರ ಇನ್ನ ಕಾರಿನ ಮಾತ ಎತ್ತಬ್ಯಾಡ."

ವಿಕ್ರಾಂತನಿಗೆ ಥಳಥಳ ಹೊಳೆಯುವ ಕೆಂಪು ಬೇಕಿತ್ತು. ಅದು ಕಬ್ಬಿನ ಟ್ರ್ಯಾಕ್ಟರಿನ ಕೆಂಪು, ಪ್ರದರ್ಶನಕ್ಕೆ ಅರ್ಧ ಜನ ಅದನ್ನೇ ಬಳಿದುಕೊಂಡು ಬರುತ್ತಾರೆ ಎಂದೆ. ಮುಖ ಸಪ್ಪೆ ಮಾಡಿದ. ಹೊಳಪಿನ ಮೇಲೆ ಬೋಲ್ಟು ಬಿಚ್ಚುವ ಪಾನಾ ತಾಗಿದರೂ ಗೀರು ಎದ್ದು ಕಾಣುತ್ತದೆ. ಸುಕ್ಕುಸುಕ್ಕಾದ ಕಪ್ಪು ಬಣ್ಣವಾದರೆ ಗೀರನ್ನು ಮುಚ್ಚುತ್ತದೆ ನಿಜ, ಆದರೆ ನಮ್ಮ ರಸ್ತೆಯ ಧೂಳು ಅದರೊಳಗೆ ಕೂತರೆ ಏಳುವುದಿಲ್ಲ. ಹೀಗೆ ವಾದ ಮಾಡುತ್ತಾ ನಿನ್ನ ದ್ರಾಕ್ಷಿ ತಿನ್ನುತ್ತಿದ್ದೆವು. ತೊಟ್ಟು ಹಿಡಿದು ಗೊಂಚಲು ಎತ್ತಿದೆ ನೋಡು, ಹಣ್ಣಿನ ಮೇಲೆ ಆ ತೆಳ್ಳನೆಯ ಬಿಳಿ ಮಬ್ಬು, ಅದರಡಿಗೆ ನೇರಳೆಗಪ್ಪು! ಇದೇ, ಇದೇ ಎಂದು ಕೂಗಿಬಿಟ್ಟೆ. ಬಣ್ಣ ಅದು, ಫಿನಿಶ್ ಹೊಳಪಿಲ್ಲದ್ದು. ವಿಕ್ರಾಂತ ಗೊಂಚಲನ್ನೊಮ್ಮೆ ಪೈಪನ್ನೊಮ್ಮೆ ನೋಡಿ, "ಆತ್ರಿ, ಆದ್ರ ನೀವ ಹೊಣಿ ನೋಡ್ರಿ" ಎಂದ.

ಆ ಬಣ್ಣದ ಪುಡಿ ಸಿಕ್ಕಿದ್ದು ಒಂದೇ ಸಣ್ಣ ಪೊಟ್ಟಣ. ಮೂರು ತುಂಡುಗಳ ಮೇಲೆ ಪರೀಕ್ಷೆ ಮಾಡಿದೆ, ಒಂದು ಈಗ ನಿನ್ನ ಕೈಯಲ್ಲಿದೆ. ಹಳೆಯ ಕೊಳೆ ತೆಗೆಯಲು ಹೊಡೆದ ಮರಳು ಪೈಪಿನೊಳಗೆ ಒಂದು ಕಾಳು ಉಳಿದರೂ ಇಂಜಿನ್ನಿಗೆ ಕುತ್ತು, ಹಾಗಾಗಿ ನಾಲ್ಕು ಸಲ ತೊಳೆದು, ಬಾಯಿಗಳಿಗೆ ಟೇಪು ಸುತ್ತಿ, ಶುಕ್ರವಾರ ಪುಡಿ ಹೊಡೆದು ಕೊಕ್ಕೆಗೆ ತೂಗುಹಾಕಿದೆ. ಪೊಟ್ಟಣ ಖಾಲಿಯಾಯಿತು.

ಅವತ್ತೇ ವಿಕ್ರಾಂತನ ಜೊತೆ ಅವನ ಆಯಿ, ಅಂದರೆ ಅಜ್ಜಿ, ಚನ್ನವ್ವನೂ ಬಂದರು. ಆ ಮನೆಯಲ್ಲಿ ಅಜ್ಜಿ ಮೂರು ಬೆರಳಿನ ವಿಭೂತಿ ಹಚ್ಚದೆ ಯಾವ ಹೊಸ ಸಾಮಾನೂ ಬಳಕೆಗೆ ಬರುವುದಿಲ್ಲವಂತೆ. ವಿಕ್ರಾಂತ ಹೊರಗೆ ಅಬ್ಬಾಗೆ ಕಾರು ತೋರಿಸುತ್ತಿದ್ದ. ಆಯಿ ಒಳಗೆ ಬಂದವರೇ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಎಲ್ಲಕ್ಕಿಂತ ಉದ್ದನೆಯ ಪೈಪಿನ ನಟ್ಟನಡುವೆ ಮೂರು ಗೆರೆ ಎಳೆದುಬಿಟ್ಟರು. ಇನ್ನೂ ಬೇಯದ, ಮುಟ್ಟಿದರೆ ಉದುರುವ ಪುಡಿಯ ಮೇಲೆ!

ಅಷ್ಟರಲ್ಲಿ ಅಬ್ಬಾನ ಜೊತೆ ಒಳಗೆ ಬಂದ ವಿಕ್ರಾಂತ "ಆಯೀ, ಏನ ಮಾಡಿದಿ ಬೇ!" ಎಂದು ಚೀರಿದ. ಅಬ್ಬಾ ಹಣೆ ಹಿಡಿದುಕೊಂಡರು, ಹಿರಿಯರಿಗೆ ಏನನ್ನುತ್ತಾರೆ? ಮತ್ತೆ ಹೊಡೆಯಲು ಪುಡಿ ಇಲ್ಲ, ಪ್ರದರ್ಶನಕ್ಕೆ ಉಳಿದದ್ದು ಒಂದೇ ದಿನ. ಹಾಗೇ ಬೇಯಿಸುತ್ತೇನೆ ಎಂದೆ. ಬೇಯಿಸಿದೆ. ಮೇಲೆ ಬಣ್ಣವಿಲ್ಲದ, ಹೊಳಪಿಲ್ಲದ ಇನ್ನೊಂದು ಪದರ ಹೊಡೆದು ಮತ್ತೆ ಬೇಯಿಸಿದೆ. ಭಟ್ಟಿಯ ಬಾಗಿಲು ತೆಗೆದರೆ, ದೀಪಾ, ದ್ರಾಕ್ಷಿ ಬಣ್ಣದ ಮೇಲೆ ಬೂದಿ ಬಣ್ಣದ ಮೂರು ಗೆರೆ ಅಚ್ಚಳಿಯದೆ ಕೂತಿದ್ದವು! ವಿಕ್ರಾಂತ ಬಗ್ಗಿ ಆಯಿಯ ಕಾಲು ಮುಟ್ಟಿದ.

ನಿನ್ನೆ ಕೊಲ್ಹಾಪುರದಿಂದಲೇ ಫೋನ್ ಮಾಡಿದ್ದ. ಕೆಂಪು ಪೈಪಿನವರೆಲ್ಲ ಬಂದು ಇವನ ಬಾನೆಟ್ಟಿನಡಿ ಇಣುಕುತ್ತಿದ್ದರಂತೆ, ಇಬ್ಬರು ಇದೇ ವಾರ ನಮ್ಮಲ್ಲಿಗೆ ಬರುತ್ತಾರಂತೆ. ಇವತ್ತು ಬೆಳಿಗ್ಗೆ ಅಬ್ಬಾ ಸಣ್ಣ ಭಟ್ಟಿಯನ್ನು ತಾವೇ ಒರೆಸಿ ಹೇಳಿದರು: "ತಗೋ, ನಿಂದು. ಆದ್ರ ಬೇಯೂತನಕ ಯಾರಿಗೂ ಮುಟ್ಟಾಕ ಬಿಡಬ್ಯಾಡ." ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಬೆರಳ ತುದಿಯಲ್ಲಿ ಇನ್ನೂ ನೇರಳೆ ಉಳಿದಿರುವ ನಿನ್ನ ಗೆಳತಿ,
ಕಹಕಶಾ

ತಾ.ಕ.: ಮೊದಲು ಪುಡಿ ಕೆಡಿಸಿದವಳು ನಾನೇ. ಬಣ್ಣ ಅಷ್ಟು ಚೆಂದ ಕಂಡಿತೆಂದು ಖುಷಿಗೆ ಬೆರಳಾಡಿಸಿಬಿಟ್ಟಿದ್ದೆ. ಒಳಗೆ ಬಂದ ಆಯಿ ಗುರುತು ನೋಡಿದರು, ನನ್ನ ಮುಖ ನೋಡಿದರು. ಅವರದೂ ದ್ರಾಕ್ಷಿ ತೋಟ, ಬೆರಳು ತಾಗಿದರೆ ಹಣ್ಣಿನ ಮಬ್ಬು ಅಳಿಯುವುದನ್ನು ಕಂಡವರು, ಬಿಡಿಸಿ ಹೇಳಬೇಕಾಗಲಿಲ್ಲ. ಸರಿಯಾಗಿ ಅದರ ಮೇಲೆಯೇ ವಿಭೂತಿ ಎಳೆದು, "ಸುಮ್ಕಿರ ತಂಗಿ, ನನಗ ಯಾರೂ ಬೈಯಂಗಿಲ್ಲ" ಎಂದು ಮೆಲ್ಲಗೆ ಹೇಳಿದರು. ಮೂರು ಗೆರೆಗಳ ಪಕ್ಕದಲ್ಲಿ ನನ್ನ ಕಿರುಬೆರಳಿನ ಗುರುತು ಹಾಗೇ ಉಳಿದಿದೆ. ಗುರುವಾರ ವಿಕ್ರಾಂತನ ಕಾರು ಬರುತ್ತದೆ. ಬಾನೆಟ್ ಎತ್ತಿ ಅದನ್ನು ಅಬ್ಬಾಗೆ ನಾನೇ ತೋರಿಸುತ್ತೇನೆ.