ಎಡಗಡೆಯ ಜಾಗ

ದೇರಪ್ಪಣ್ಣ,

ತುಂಬ ಸುಸ್ತಾಗಿದೆ. ಆದರೂ ನಿನಗೆ ಹೇಳದೆ ಇರಲಾರೆ.

ಇಂದು ಅಮ್ಮತ್ತಿ ಮೈದಾನದಲ್ಲಿ ನಮ್ಮವರ ಹಾಕಿಯ ಸಿನಿಮಾ ತೆಗೆದರು. ನೀನು ತೀರಿಹೋದ ಮೇಲೆ ನಮ್ಮವರು ಆಡಿದ್ದು ಇದೇ ಮೊದಲು. ಕೊಡಗು ಮೈಸೂರಿಗೆ ಸೇರಿದ ಮೇಲೆ ಅಲ್ಲಿಂದ ಯಾರ್ಯಾರೋ ಬರುತ್ತಾರೆ. ಈ ಸಿನಿಮಾದವರು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಅದು ಅಲ್ಲಾಡುವುದಿಲ್ಲ, ನೀವೇ ಅದರ ಮುಂದೆ ಬರಬೇಕು ಎಂದರು. ಸುಣ್ಣದ ಗೆರೆ ಎಳೆದು ಆಟವನ್ನು ಕುಣಿತದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಕಲಿಸಿದರು.

ಪೂವಯ್ಯ ಮಾತ್ರ ಪ್ರತಿ ಸಲವೂ ನೋಡದೆಯೇ ಚೆಂಡನ್ನು ಎಡಕ್ಕೆ, ನಿನ್ನ ಜಾಗಕ್ಕೆ ಹೊಡೆದ. ಅದು ಗೆರೆ ದಾಟಿ ಹೋಯಿತು.

"ಅಲ್ಲಿ ಯಾರಿದ್ದಾರೆ ಅಂತ ಹೊಡೀತೀರ್ರೀ?" ಎಂದು ಸಿನಿಮಾದವರು ರೇಗಿದರು. ಮೊಣಕಾಲಿನ ಕೆಳಗಷ್ಟೇ ಚಿತ್ರದಲ್ಲಿ ಬರುವುದು, ಯಾರಾದರೂ ಆಗುತ್ತದೆ ಎಂದು ಬೇಲಿಯ ಹತ್ತಿರವಿದ್ದ ನನ್ನನ್ನೇ ನಿಲ್ಲಿಸಿದರು.

"ಅಣ್ಣ ಕರೆದಾಗ ಒಂದು ದಿನ ಬಾರದವ, ಕ್ಯಾಮೆರಾ ಕರೆದರೆ ಬಂದ ನೋಡು!" ಎಂದ ಗೋಲು ಕಾಯುತ್ತಿದ್ದ ಅಪ್ಪಯ್ಯ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚೆಂಡು ಬಂತು. "ದೇರಪ್ಪಾ, ಹೊಡಿ!" ಎಂದು ಪೂವಯ್ಯ ಕೂಗಿದ. ಕೂಗಿದ ಮೇಲೆ ಅವನ ಮುಖ ಬಾಡಿತು. ನಾನು ಹೊಡೆದೆ.

ಈ ಕ್ಯಾಮೆರಾ ದನಿ ಹಿಡಿಯುವುದಿಲ್ಲ, ಚಿಂತೆಯಿಲ್ಲ ಎಂದು ಹೇಳಿ, ಇನ್ನೊಮ್ಮೆ ಆಡಿಸಿದರು. ನಿನ್ನ ಜಾಗದಲ್ಲಿ ನಿಂತು ಕಾದೆ. ಈ ಸಲ ಪೂವಯ್ಯ ಏನೂ ಕೂಗಲಿಲ್ಲ. ತಲೆಯೆತ್ತಿ, ನಾನಿದ್ದೇನೆಯೇ ಎಂದು ನೋಡಿಕೊಂಡು ಚೆಂಡು ಕಳಿಸಿದ.