ಕಿವಿ ಮುಚ್ಚಿಕೊಂಡು ನೋಡಿದ ದೆವ್ವ

ಹೊಸಕೋಟೆ
೨೪–೨–೧೯೪೬

ಅಮ್ಮನಿಗೆ ನಿನ್ನ ಭಾಗ್ಯ ಮಾಡುವ ನಮಸ್ಕಾರ.

ಜ್ವರ ಬಿಟ್ಟಿದೆ. ಚಿಕ್ಕಮ್ಮನ ಮನೆಯಲ್ಲಿ ಮುದ್ದೆ ಉಂಡುಕೊಂಡು, ಸ್ಕೂಲಿಗೆ ಹೋಗಿಕೊಂಡು ಚೆನ್ನಾಗಿದ್ದೇನೆ. ನೀನು ಹೇಳಿ ಕಳಿಸಿದ್ದನ್ನು ಬೈಲಪ್ಪ ಮಾವ ಬಂದು ಹೇಳಿದರು. ನನಗೆ ಗಾಳಿ ಸೋಕಿದೆಯಂತೆ, ಅಮಾವಾಸ್ಯೆಗೆ ಊರಿಗೆ ಬರಬೇಕಂತೆ, ಮಂತ್ರ ಹಾಕುವ ಪಿಳ್ಳಣ್ಣ ಬೇವಿನ ಕಡ್ಡಿಯ ಬರಲಿನಲ್ಲಿ ಹೊಡೆದು ಬಿಡಿಸುತ್ತಾನಂತೆ, ಆಮೇಲೆ ಸ್ಕೂಲು ಬೇಡವಂತೆ. ನಾನು ಬರುವುದಿಲ್ಲಮ್ಮ. ಯಾಕೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅಪ್ಪನ ಕೈಗೆ ಕೊಡದೆ ನೀನೇ ಅಕ್ಷರ ಕೂಡಿಸಿಕೊಂಡು ಓದು.

ಸಿನಿಮಾ ಟೆಂಟಿನಲ್ಲಿ ನಾನು ಕಿರುಚಿ ಚಿಕ್ಕಮ್ಮನ ಮೇಲೆ ಬಿದ್ದದ್ದು ನಿಜ. ಅವತ್ತು ತೋರಿಸಿದ್ದು ದೆವ್ವದ ಸಿನಿಮಾ. ಪಾಳುಮನೆಯೊಳಗೆ ಒಬ್ಬಳು ದೀಪ ಹಿಡಿದು ಹೋಗುತ್ತಾಳೆ. ಗೋಡೆಯ ಮೇಲೆ ನೆರಳು ಅವಳಿಗಿಂತ ದೊಡ್ಡದಾಗುತ್ತಾ ಹೋಗುತ್ತದೆ. ಪಿಟೀಲು ನಿಂತುಬಿಡುತ್ತದೆ. ಕಡಲೆಕಾಯಿ ಸುಲಿಯುತ್ತಿದ್ದವರೂ ಸುಮ್ಮನಾಗುತ್ತಾರೆ. ಆಗ ಬಾಗಿಲು ಕಿರ್ರೆನ್ನುತ್ತದೆ, ಹಿಂದೆಯೇ ಬೆಳ್ಳಗಿನ ಮುಖ, ಒಂದು ಚೀರು. ಅದು ನನ್ನ ಕತ್ತಿನ ಹಿಂದಿನಿಂದಲೇ ಬಂದ ಹಾಗಾಯಿತು. ಆ ರಾತ್ರಿಯೇ ಜ್ವರ ಬಂತು.

ಜ್ವರ ಬಿಟ್ಟ ಮೇಲೆ ಪಕ್ಕದ ಮನೆಯ ಶಂಶುನ್ನೀಸಾ, ನನ್ನ ಕ್ಲಾಸಿನವಳು, ಬಂದು ಕೂತಳು. "ಇನ್ನೊಂದ್ಸಲ ನೋಡೋಣ ಕಣೇ. ನಿಜವಾದ ದೆವ್ವ ಆದ್ರೆ ದಿನಾ ಅದೇ ಬಾಗಿಲಿಂದ ಯಾಕ್ ಬರ್ತದೆ?" ಅಂದಳು. ಚಿಕ್ಕಮ್ಮನನ್ನು ಕಾಡಿ ಬೇಡಿ ಕರೆದುಕೊಂಡು ಹೋದೆವು.

ಆ ಜಾಗ ಬಂದಾಗ ನಾನು ಕಿವಿಗೆ ಬೆರಳಿಟ್ಟುಕೊಂಡು ಕಣ್ಣು ಬಿಟ್ಟು ನೋಡಿದೆ. ಮುಖಕ್ಕೆ ಹಿಟ್ಟು ಬಳಿದುಕೊಂಡ ಒಬ್ಬ ಹೆಂಗಸು. ಕೆಳಗಿನಿಂದ ಬೆಳಕು ಬಿಟ್ಟು ಅವಳ ಕಣ್ಣ ಕುಳಿ ಕಪ್ಪಗೆ ಕಾಣಿಸುವ ಹಾಗೆ ಮಾಡಿದ್ದರು. ಚೀರು ಕೇಳಿಸದಿದ್ದರೆ ಆಕಳಿಸುತ್ತಿದ್ದಾಳೆ ಅನ್ನಬೇಕು. ನನಗೆ ನಗು ಬಂತು. ಶಂಶುನ್ನೀಸಾ ಕಣ್ಣು ಮುಚ್ಚಿಕೊಂಡು ಬರೀ ಕೇಳಿದಳು, ಅವಳು ನಡುಗಿಬಿಟ್ಟಳು. ಚೀರಿಗಿಂತ, ಅದಕ್ಕೆ ಮೊದಲು ಎಲ್ಲ ಸದ್ದೂ ನಿಂತುಹೋಗುತ್ತದಲ್ಲ, ಅದೇ ಎದೆ ಹಿಡಿಯುತ್ತದೆ ಅಂದಳು.

ಹಗ್ಗದ ಆಚೆ, ಗಂಡಸರ ಕಡೆ, ನಮ್ಮ ಸ್ಕೂಲಿನ ಹುಡುಗರೂ ಕಿರುಚಿದರಮ್ಮ. ಒಬ್ಬ ಎದ್ದು ಓಡಿಯೇ ಹೋದ. ಅವರಿಗಾಗಿ ಯಾರೂ ಬೇವಿನ ಬರಲು ಮುರಿಯಲಿಲ್ಲ. ಹೆದರಿದ ಹುಡುಗ ಪರೀಕ್ಷೆ ಬರೆಯಬಹುದು, ಹೆದರಿದ ಹುಡುಗಿ ಏಟು ತಿನ್ನಬೇಕು ಅಂದರೆ ನಾನು ಒಪ್ಪುವುದಿಲ್ಲ.

ಈಗಲೂ ಕತ್ತಲಲ್ಲಿ ಹಿತ್ತಲಿಗೆ ಹೋಗಲು ಭಯವಾಗುತ್ತದೆ. ಆದರೂ ಹೋಗಿ ಬರುತ್ತೇನೆ. ಪರೀಕ್ಷೆ ಬರೆದೇ ಊರಿಗೆ ಬರುವುದು. ಪಿಳ್ಳಣ್ಣನನ್ನು ಇಲ್ಲಿಗೆ ಕಳಿಸಿದರೆ ಬಾಗಿಲು ತೆಗೆಯುವುದಿಲ್ಲ. ನೀನು ಬಾ, ಟೆಂಟಿಗೆ ಕರೆದುಕೊಂಡು ಹೋಗುತ್ತೇನೆ. ಯಾವಾಗ ಕಿವಿ ಮುಚ್ಚಿಕೊಳ್ಳಬೇಕು ಅಂತ ನಾನು ಹೇಳುತ್ತೇನೆ.

ಮಾತು ಕೇಳದಿದ್ದರೂ ನಿನ್ನ ಮಗಳೇ ಆದ
ಭಾಗ್ಯ

ತಾ. ಕ.: ನನ್ನನ್ನು ನೋಡಿಹೋಗಿದ್ದ ನಂದಗುಡಿಯ ಗಂಡಿನ ಕಡೆಯವರು, ಗಾಳಿ ಸೋಕಿದ ಹುಡುಗಿ ಬೇಡ ಅಂದರಂತೆ. ಚಿಕ್ಕಮ್ಮ ಅಳುತ್ತಾ ಹೇಳಿದಳು. ಅಮ್ಮ, ಅವರಿಗೆ ಮಾತ್ರ ಈ ಟೆಂಟಿನ ವಿಷಯ ಏನೂ ಬಿಡಿಸಿ ಹೇಳಬೇಡ. ಹಾಗೇ ನಂಬಿಕೊಂಡಿರಲಿ.